ಹುಲಿಪಟ್ಟೆಯ ತೊಟ್ಟಿಲು

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ! ಮಗನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಮೊದಲ ಕೂಸು. ಮೂಗು ಅವಳಜ್ಜನದು, ಕೋಪ ನನ್ನದು. ಇವತ್ತು ತೊಟ್ಟಿಲಿಗೆ ಹಾಕುವ ಶಾಸ್ತ್ರವೂ ಆಯಿತು. ಆದರೆ ಆ ತೊಟ್ಟಿಲು ನೋಡಲು ಸಾಕ್ಷಾತ್ ಅಮಲ್ದಾರರೇ ಬಂದುಬಿಟ್ಟರಲ್ಲ!

ಇದಕ್ಕೆಲ್ಲ ಕಾರಣ ನನ್ನ ತಮ್ಮ. ನಮ್ಮೂರು ಗಂಜಾಮಿನಲ್ಲಿ ಅವನಂಥ ಬಡಗಿ ಇಲ್ಲ. ಸರ್ಕಾರದ ಅಪ್ಪಣೆ ಪಾಲಿಸುವುದರಲ್ಲಿ ಅವನಂಥವನು ಭೂಮಿಯ ಮೇಲೇ ಇಲ್ಲ. ಡಂಗುರ ಕೇಳಿದರೆ ಬಾಯಲ್ಲಿದ್ದ ತುತ್ತನ್ನೂ ನುಂಗದೆ ಓಡುತ್ತಾನೆ. ಅರಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರ ಕಡೆಯವರೇ ನಮಗೆ ಅಮಲ್ದಾರರು. ಅಮಲ್ದಾರರು ಬದಲಾದರೆ ಊರಿನ ಅಂದಚಂದವೂ ಬದಲು! ಒಬ್ಬರು ಬಾಗಿಲಿಗೆಲ್ಲ ಗಿಳಿ ಕೆತ್ತಿ ಎಂದರು. ಇವನು ನನ್ನ ಒನಕೆಗೂ ಗಿಳಿ ಕೆತ್ತಿದ. ಕುಟ್ಟುವಾಗ ಕೊಕ್ಕು ಅಂಗೈಗೆ ಚುಚ್ಚುತ್ತಿತ್ತು! ಅವರು ಹೋಗಿ ಇನ್ನೊಬ್ಬರು ಬಂದರು. ಗಿಳಿ ಬೇಡ, ಎಲ್ಲೆಲ್ಲೂ ಅರಮನೆಯ ಹುಲಿಪಟ್ಟೆ ಇರಲಿ ಎಂದರು. ಬಾಗಿಲಿಗೆ, ಮಂಚಕ್ಕೆ, ಬರಲಿರುವ ಕೂಸಿಗೆಂದು ಮಾಡಿದ್ದ ತೊಟ್ಟಿಲಿಗೆ ಪಟ್ಟೆ ಬಳಿದ. ಕೊನೆಗೆ ಎಮ್ಮೆಗೂ! ಅದನ್ನು ಹುಲಿಯೆಂದು ಹೆದರಿ ಬೀದಿನಾಯಿಗಳೆಲ್ಲ ಸಿಕ್ಕಿದ ಮನೆಗೆ ನುಗ್ಗಿದವು.

"ಲೇ, ನಾಳೆ ನಂಗೂ ಬಳೀತೀಯೇನ್ಲಾ?" ಎಂದರು ನಮ್ಮ ಯಜಮಾನರು.

"ಅಪ್ಪಣೆ ಬರ್ಲಿ ಬುಡು ಬಾವ!"

ಇವತ್ತು ಬೆಳಿಗ್ಗೆ ಮತ್ತೆ ಡಂಗುರ. ಮತ್ತೆ ಹೊಸ ಅಮಲ್ದಾರರು! ಹುಲಿಪಟ್ಟೆ ಅರಮನೆಗೆ ಮಾತ್ರವಂತೆ. ಬೇರೆಯವರ ಮನೆಯಲ್ಲಿ ಕಂಡರೆ ಆ ಸಾಮಾನು ಕಚೇರಿಗೆ! ತಮ್ಮ ಬಾಗಿಲು ಹೆರೆದ, ಮಂಚ ಹೆರೆದ, ಎಮ್ಮೆಯನ್ನು ಕಾವೇರಿಗಿಳಿಸಿ ತಿಕ್ಕಿದ. ಮನೆಗೆ ಬರುವಷ್ಟರಲ್ಲಿ ಶಾಸ್ತ್ರ ಮುಗಿದು ಕೂಸು ತೊಟ್ಟಿಲಲ್ಲಿ ನಿದ್ದೆಹೋಗಿತ್ತು. ಅವನ ಬೆನ್ನಿಗೇ ಅಮಲ್ದಾರರು!

"ಇದರ ಪಟ್ಟೆ ಯಾಕಯ್ಯ ಅಳಿಸಿಲ್ಲ?"

"ಅಳಿಸ್ತೀನಿ ಬುದ್ಧಿ. ಕೂಸು ಏಳ್ಲಿ."

ಸರ್ಕಾರವನ್ನು ಕಾಯಿಸುವ ನಾಲಿಗೆ ನನ್ನ ತಮ್ಮನದೇ?

"ಎತ್ತಿ ಕೆಳಗೆ ಮಲಗಿಸು. ಇಲ್ಲದಿದ್ದರೆ ತೊಟ್ಟಿಲನ್ನೇ ಕಚೇರಿಗೆ ಹೊರಿಸುತ್ತೇನೆ."

"ಎತ್ತುದ್ರೆ ಎದ್ಬುಡ್ತದೆ ಬುದ್ಧಿ. ಇದು ನಮ್ಮಕ್ಕನ ಮೊಮ್ಮಗ್ಳು. ಕೂಗ್ಬುಟ್ರೆ ಅರಮನೆಗೇ ಕೇಳ್ತದೆ!"

ಅರಮನೆ ಎಂದದ್ದೇ ಅಮಲ್ದಾರರು ಅಳುಕಿ ಜಗಲಿಯಲ್ಲಿ ಕುಳಿತರು. ಕಾದರು. ಆಕಳಿಸಿದರು. ಕೂಸು ಕಾಲಾಡಿಸಿದಾಗಲೆಲ್ಲ ತಮ್ಮನ ಕೈ ಮೆಲ್ಲಗೆ ತೂಗುತ್ತಿತ್ತು. ಕಡೆಗೆ, "ಎದ್ದ ಕೂಡಲೇ ಅಳಿಸು" ಎಂದು ಹೊರಟೇಹೋದರು!

ಆಮೇಲೆ ಸೊಸೆ ಹಾಲು ಕುಡಿಸಲು ಎತ್ತಿಕೊಂಡಾಗಲೂ, "ಕಣ್ ಬುಟ್ಟಿಲ್ಲ, ಎದ್ದಂಗಲ್ಲ" ಎಂದು ತಮ್ಮ ವಾದಿಸಿದ.

ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತೆವು. ತಮ್ಮ ತೊಟ್ಟಿಲ ಪಕ್ಕದಲ್ಲೇ ಎಲೆ ಹಾಕಿಸಿಕೊಂಡ. ಬಲಗೈ ಪಾಯಸದಲ್ಲಿ, ಎಡಗೈ ತೊಟ್ಟಿಲ ಹಗ್ಗದಲ್ಲಿ.

"ಅವ್ರು ಓಗಿ ಎಷ್ಟೊತ್ತಾಯ್ತು, ಇನ್ನೂ ಯಾಕ್ಲಾ ತೂಗ್ತಿದ್ದೀಯೆ?"

"ಎದ್ರೆ ಅಳಿಸ್ಬೇಕಲ್ಲಕ್ಕಾ," ಎಂದ, ಕೂಸಿನ ಮುಖ ನೋಡುತ್ತಾ.

ನಾನು ಅವನಿಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ, ಸೌಟು ಸದ್ದಾಗದ ಹಾಗೆ.