ಕೆಸರು ಕಾಣದ ಜೀಪು

ಹುಣಸೂರಿನಲ್ಲಿ ಗಾಡಿ ತೊಳೆಯುವ ನನ್ನದೊಂದು ವಾಟರ್ ಸರ್ವಿಸ್ ಇದೆ. ಬೆಟ್ಟ ಹತ್ತುವ, ಹೊಳೆ ದಾಟುವ ಜೀಪುಗಳು ಲಕ್ಷಗಟ್ಟಲೆ ಬೆಲೆ ಬಾಳತೊಡಗಿದ ಮೇಲೆ ನನಗೆ ನಗುವಿಗೆ ಬರವಿಲ್ಲ, ದಿನಕ್ಕೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಹನಗೋಡಿನ ಕಡೆಯ ಒಬ್ಬ ಹೊಗೆಸೊಪ್ಪು ಬೆಳೆಗಾರನ ಪಾಲು ಅದರಲ್ಲಿ ದೊಡ್ಡದು. ಮೂವತ್ತು ದಾಟಿದರೂ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಅಂಥದೊಂದು ಜೀಪು ಇದ್ದರೆ ಸಂಬಂಧ ತಾನಾಗಿ ಕುದುರುತ್ತದೆ ಎಂದು ಕೊಂಡುಬಿಟ್ಟ.

ಅಪ್ಪನ ಮೊಪೆಡ್

ಒಂದಿಷ್ಟು ಧೂಳು ಕೂತರೆ ಸಾಕು, ತೊಳೆಸಲು ಬರುತ್ತಿದ್ದ. ಚಕ್ರಕ್ಕೆ ಮಣ್ಣು ಮೆತ್ತಿದ್ದನ್ನು ನಾನು ಕಂಡಿದ್ದೇ ಇಲ್ಲ. ಇದನ್ನು ಹೊಲಕ್ಕೆ ಇಳಿಸುವುದಿಲ್ಲವೇ ಎಂದು ಕೇಳಿದೆ. ಪಾಪ, ಇವನಿಗೇನು ಗೊತ್ತು ಅನ್ನುವ ಹಾಗೆ ನೋಡಿದ.

"ಕೆಸ್ರಿಗೆ ಅಪ್ಪನ ಮೊಪೆಡ್ ಐತಲ್ಲಣ್ಣ."

ಕೊನೇ ಬಸ್ಸು

ಪಿರಿಯಾಪಟ್ಟಣದ ಕಡೆ ಹೆಣ್ಣು ನೋಡಲು ಹೋದ. ಹಿಂದಿನ ದಿನ ಮಳೆಯಾಗಿತ್ತು, ಆ ಮನೆಯ ದಾರಿಯೆಲ್ಲ ಕೊಚ್ಚೆ. ಜೀಪನ್ನು ಟಾರು ರಸ್ತೆಯಲ್ಲೇ ನಿಲ್ಲಿಸಿ, ಪ್ಯಾಂಟು ಮಡಚಿ, ಅಪ್ಪ ಅಮ್ಮನನ್ನೂ ನಡೆಸಿಕೊಂಡು ಹೋದ. ತಾನಾಗಿ ಜೀಪಿನ ಮಾತು ಎತ್ತಲು ನಾಚಿಕೆ. ಕಾಫಿ ಮುಗಿಯುತ್ತಲೇ ಹುಡುಗಿಯ ಅಪ್ಪ ಗಡಿಯಾರ ನೋಡಿ, ಬೇಗ ಹೊರಡಿ, ಕೊನೇ ಬಸ್ಸು ತಪ್ಪೀತು ಅಂದರಂತೆ.

ಮೇಕಪ್ಪು

ಕೆ.ಆರ್. ನಗರದ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಗದ್ದೆ ಕೆಲಸ ಗೊತ್ತಿರುವ ಹುಡುಗನೇ ಬೇಕೆಂದು ಅವರ ಕಡೆಯವರು ಹೇಳಿದ್ದರಂತೆ. ಬೆಳಿಗ್ಗೆಯೇ ನನ್ನ ಹತ್ತಿರ ಬಂದ.

"ಅಣ್ಣ, ಇವತ್ತು ತೊಳೀಬ್ಯಾಡ. ಒಸಿ ಕೆಸರು ಬಳಿ."

ಗಿರಾಕಿ ಹೇಳಿದ ಮೇಲೆ ಮುಗಿಯಿತು. ಗಾಡಿ ತೊಳೆದ ನೀರು ಹೋಗಿ ನಿಲ್ಲುವ ಗುಂಡಿಯಿಂದ ಬಾಚಿ, ಬಾಗಿಲವರೆಗೂ ಮೆತ್ತಿದೆ. ಆ ಗುಂಡಿಯಲ್ಲಿ ಮಣ್ಣಿಗಿಂತ ಶಾಂಪೂವೇ ಹೆಚ್ಚು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನದು ಅವನೇ ಹೇಳಿದ್ದು. ಜೀಪು ಹುಡುಗಿಯ ಮನೆ ಅಂಗಳದಲ್ಲಿ ನಿಂತಿತು, ಮನೆಯವರು ಚಕ್ರದ ಕೆಸರು ನೋಡಿ ತಲೆದೂಗಿದರು. ಅಷ್ಟರಲ್ಲಿ ತುಂತುರು ಹನಿ ಶುರುವಾಯಿತು. ಜೀಪಿನ ಮೈಯೆಲ್ಲ ಬೆಳ್ಳಗೆ ನೊರೆ ಉಕ್ಕಿ ಅಂಗಳಕ್ಕೆ ಇಳಿಯಿತು. ಈ ಸಂಬಂಧವೂ ಹೋಯಿತು ಎಂದು ಇವನು ತಲೆ ತಗ್ಗಿಸಿದ.

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿ ನೊರೆಯನ್ನೂ ಇವನನ್ನೂ ನೋಡಿ, ನಗು ತಡೆದುಕೊಂಡು ಅಪ್ಪನಿಗೆ ಹೇಳಿದಳಂತೆ.

"ಬಟ್ಟೇನೂ ಇವ್ರೇ ಒಗೀತಾರಾ ಕೇಳಪ್ಪ. ಅಂಗಾದ್ರೆ ನಾನು ಒಪ್ತೀನಿ."

ಅಪ್ಪ ಕೇಳುವ ಮೊದಲೇ ಇವನು ಒಗೀತೀನಿ ಅಂದನಂತೆ.