ಕೆಂಪಯ್ಯನ ಕಾರೂ ಅಂಕಮ್ಮನ ಹರಕೆಯೂ

ಕಾರಿನಡಿಯಿಂದ ಮೊದಲು ಬಿದ್ದದ್ದು ಒಂದೇ ಒಂದು ಹನಿ ನೀರು. ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕನಕಪುರದ ತನ್ನ ಮನೆಯ ಮುಂದೆ ಕಾರು ಒರೆಸುತ್ತಿದ್ದ ಕೆಂಪಯ್ಯ ಅದನ್ನು ಕಂಡ ಕೂಡಲೇ ಕಾಲಿನಿಂದ ಮಣ್ಣೆಳೆದು ಮುಚ್ಚಿದ. ಹೆಂಡತಿ ಅಂಕಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳ ಕಣ್ಣಿಗೆ ಬಿದ್ದರೆ ಆ ಹನಿ ಹೊಳೆಯಾಗಿ ಹರಿಯುತ್ತದೆಂಬುದು ಹದಿನೆಂಟು ವರ್ಷದ ಸಂಸಾರದಲ್ಲಿ ಅವನಿಗೆ ಚೆನ್ನಾಗಿ ಗೊತ್ತಾಗಿತ್ತು.

ಕೆಂಪಯ್ಯನಿಗೆ ಈ ಲೋಕದಲ್ಲಿ ಇದ್ದದ್ದು ಎರಡೇ ಹೆಮ್ಮೆ. ಒಂದು, ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಜೊತೆಯವರೆಲ್ಲ ಬೋಳಾಗಿದ್ದರೂ ನಲವತ್ತೈದರಲ್ಲಿ ಗುಂಗುರು ಗುಂಗುರಾಗಿ ನಿಂತಿದ್ದ ಅವನ ತಲೆಗೂದಲು. ಇನ್ನೊಂದು, ಅದೇ ಫ್ಯಾಕ್ಟರಿಯ ಹಳೇ ಮ್ಯಾನೇಜರರಿಂದ ಕೊಂಡುಕೊಂಡ, ವಯಸ್ಸಿನಲ್ಲಿ ಹೆಂಡತಿಗಿಂತ ಕೊಂಚವೇ ಚಿಕ್ಕದಾದ ಈ ಕಾರು. ಕೂದಲಿನ ವಿಷಯದಲ್ಲಿ ಅಂಕಮ್ಮನ ತಕರಾರೇನೂ ಇರಲಿಲ್ಲ. ಕಾರಿನ ವಿಷಯದಲ್ಲಿ ಇತ್ತು. ಹೋದ ವರ್ಷ ಮಾಗಡಿಯಲ್ಲಿ ಅವಳ ಅಕ್ಕನ ಮಗಳ ಮದುವೆಯ ದಿನ, ರೇಷ್ಮೆ ಸೀರೆ ಉಟ್ಟು, ಛತ್ರದ ಮುಂದೆ ಬೀಗರೆಲ್ಲ ನೋಡುತ್ತಿರುವಾಗಲೇ ಅವಳು ಅದನ್ನು ತಳ್ಳಬೇಕಾಗಿ ಬಂದಿತ್ತು. ಪಾಪ, ಯಾವ ಹೆಂಗಸಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಅವತ್ತು ಅವಳ ಅಳು ನಿಲ್ಲಿಸಲು ಕೆಂಪಯ್ಯ ಒಂದು ಮಾತು ಕೊಟ್ಟಿದ್ದ.

"ಇನ್ನೊಂದ್ಸಲ ಇದು ಕೆಟ್ಟು ನಿಂತು, ಅವತ್ತೇ ಸಂಜೆಯೊಳ್ಗೆ ಎದ್ದೇಳ್ನಿಲ್ಲ ಅಂದ್ರೆ ಗುಜ್ರಿಗೆ ಹಾಕ್ಬುಡ್ತೀನಿ ಕಣೆ."

ಈಗ ಧೈರ್ಯ ಮಾಡಿ ಕಾರು ಸ್ಟಾರ್ಟ್ ಮಾಡಿದ. ಹತ್ತು ನಿಮಿಷ ಎಲ್ಲ ಸರಿಯಾಗಿತ್ತು. ಆಮೇಲೆ ಬಾನೆಟ್ಟಿನೊಳಗಿಂದ ಕೀಚ್ ಕೀಚ್ ಎಂಬ ಸದ್ದು ಶುರುವಾಯಿತು. ಹಿಂದೆಯೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ದಾಟಿತು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಎದ್ದು, ಎಂಜಿನ್ ಒಮ್ಮೆ ನಡುಗಿ ನಿಂತುಹೋಯಿತು.

ಹಬೆ ಕಂಡ ಮೇಲೆ ಎದುರು ಮನೆಯ ಮುನಿಶಾಮಯ್ಯ ಸುಮ್ಮನಿರುತ್ತಾರೆಯೇ? ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರಾಗಿದ್ದ ಅವರಿಗೆ ಓಡಿಸಲು ಬಸ್ಸಿರಲಿಲ್ಲ, ಬುದ್ಧಿ ಹೇಳಲು ಜನ ಬೇಕಿತ್ತು. ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದು ಬಾನೆಟ್ಟಿನೊಳಗೆ ಇಣುಕಿದರು.

"ವಾಟರ್ ಪಂಪ್ ಹೋಗೈತೆ ಕಣ್ಲಾ. ಬೇರಿಂಗು ಪುಡಿಪುಡಿ. ಈ ಕಾಲ್ದಲ್ಲಿ ಇದುಕ್ಕೆ ಪಂಪ್ ಎಲ್ಲಿ ಸಿಕ್ಕದು? ಮುಗೀತು ಇದ್ರ ಕತೆ."

"ಇನ್ನು ಏಳಕಿಲ್ವಾ ಮುನಿಶಾಮಣ್ಣ?" ಎಂದು ಅಂಕಮ್ಮ ಜಗಲಿಯಿಂದಲೇ ಕೇಳಿದಳು.

"ಏಳಕಿಲ್ಲ ಕಣವ್ವ. ಬೇಕಾರೆ ಬರ್ಕೊಡ್ತೀನಿ."

ಅಂಕಮ್ಮ ಸೊಪ್ಪನ್ನು ಅಲ್ಲೇ ಬಿಟ್ಟು, ಆಕಾಶಕ್ಕೆ ಕೈ ಮುಗಿದು ಒಳಗೆ ಹೋದಳು. ಅರ್ಧ ಗಂಟೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಅದೇ ರೇಷ್ಮೆ ಸೀರೆ ಉಟ್ಟು, ಹಣ್ಣುಕಾಯಿ ಬುಟ್ಟಿ ಹಿಡಿದು ಬಂದಳು.

"ಏನೂಂದ್ರೆ, ಇವತ್ತೇ ಸಾವನದುರ್ಗದ ಸ್ವಾಮಿ ಗುಡಿಗೆ ಹೋಗ್ಬೇಕು. ಹರಕೆ ಐತೆ."

"ಯಾವ್ ಹರಕೆನೆ?"

"ತೀರ್ಸೋಗಂಟ ಬಾಯ್ಬುಟ್ಟು ಹೇಳ್ಬಾರ್ದು. ಸ್ವಾಮಿ ನಡುಸ್ಕೊಟ್ಟವ್ನೆ, ನಾವು ತಡ ಮಾಡ್ಬಾರ್ದು. ಹತ್ತೂವರೆ ಬಸ್ಸಿಗೆ ಹೊಂಟೋಗವ. ನೀವಂತೂ ಬರ್ಲೇಬೇಕು."

ಕೆಂಪಯ್ಯನ ಎದೆ ತುಂಬಿ ಬಂತು. ಆರು ವರ್ಷ ಟೆಂಪರರಿಯಾಗಿ ಸವೆದ ಅವನ ಕೆಲಸ ಹೋದ ಸೋಮವಾರವಷ್ಟೇ ಪರ್ಮನೆಂಟ್ ಆಗಿತ್ತು. ಎಲಾ ಇವಳೇ, ಒಂದು ಮಾತೂ ಆಡದೆ ನನಗೋಸ್ಕರ ಹರಕೆ ಹೊತ್ತಿದ್ದಾಳಲ್ಲ ಎಂದು ಕಣ್ಣು ಒದ್ದೆಯಾಯಿತು.

"ಬಸ್ಸಾ? ಇಂಥ ಹರಕೆ ಹೊತ್ತೋಳ್ನ ಬಸ್ಸಲ್ಲಿ ನಿಲ್ಲುಸ್ಕೊಂಡು ಹೋಗಾನಾ? ಸಂಜೆಯೊಳ್ಗೆ ನಮ್ ಕಾರಲ್ಲೇ ಕರ್ಕೊಂಡೋಯ್ತೀನಿ, ನೋಡ್ತಿರು."

ಅಂಕಮ್ಮನ ಮುಖ ಸಣ್ಣದಾಯಿತು. "ಬ್ಯಾಡ ಬುಡಿ. ಅದುಕ್ಕೂ ವಯಸ್ಸಾಗೈತೆ. ನೆಮ್ಮದಿಯಾಗಿ ಮಲಿಕ್ಕಳ್ಲಿ."

ಕಾರಿನ ಮೇಲೂ ಇವಳಿಗೆ ಇಷ್ಟೊಂದು ಕರುಣೆಯೇ ಎಂದು ಅವನ ಹುರುಪು ಇಮ್ಮಡಿಯಾಯಿತು.

"ಹಂಗಾರೆ ಒಂದು ಉಪಾಯ ಐತೆ," ಎಂದರು ಮುನಿಶಾಮಯ್ಯ. "ರೇಡಿಯೇಟರ್‌ಗೆ ಒಸಿ ರಾಗಿ ಹಿಟ್ಟು ಹಾಕು. ಸೋರಾ ಜಾಗ್ದಲ್ಲಿ ಹೋಗಿ ಮೆತ್ಕತ್ತದೆ. ಘಾಟಿ ಮೇಲೆ ಹಿಂಗೇ ಮಾಡಿ ನಲವತ್ತು ಜನನ ಊರು ಸೇರ್ಸಿವ್ನಿ."

ಒಸಿ ಅಂದರೆ ಎಷ್ಟು ಎಂದು ಅವರು ಹೇಳಲಿಲ್ಲ, ಕೆಂಪಯ್ಯ ಕೇಳಲಿಲ್ಲ. ಅರ್ಧ ಸೇರು ಸುರಿದ. ಎಂಜಿನ್ ಮತ್ತೆ ಕಾದು ನಿಂತಿತು. ಒಂದಷ್ಟು ಹೊತ್ತು ಆರಲು ಬಿಟ್ಟು ಮುಚ್ಚಳ ತಿರುಗಿಸಿದ್ದೇ ತಡ, ಗಂಟು ಗಂಟಾದ ಅಂಬಲಿ ಬುಸ್ಸನೆ ಚಿಮ್ಮಿ ಅವನ ಗುಂಗುರು ಕೂದಲಿನ ತುಂಬ ಕೂತಿತು. ಸದ್ಯ, ಸುಡುವಷ್ಟು ಬಿಸಿ ಇರಲಿಲ್ಲ.

"ಒಣಗಿದ್ರೆ ಬಾಚಣ್ಗೆ ಮುರಿಯದೇ. ಬೋಳುಸ್ಬುಡ್ಲಾ ಅತ್ಲಾಗೆ," ಎಂದರು ಮುನಿಶಾಮಯ್ಯ.

"ಕೂದ್ಲು ಸುದ್ದಿಗೆ ಮಾತ್ರ ಬರಬ್ಯಾಡ ಕಣಣ್ಣ!" ಎಂದು ಕೆಂಪಯ್ಯ ರೇಗಿದ. ರೇಗಿದವನು ತಲೆ ತೊಳೆಯಲೂ ನಿಲ್ಲದೆ ಬಸ್ ಸ್ಟ್ಯಾಂಡಿನ ಬಳಿಯ ಮೆಕ್ಯಾನಿಕ್ ಸಮದ್‌ನನ್ನು ಕರೆತರಲು ಓಡಿದ. ಹತ್ತೂವರೆಯ ಬಸ್ಸು ಹೋಯಿತು.

ಸಮದ್ ರೇಡಿಯೇಟರಿನೊಳಗೆ ಬೆರಳಿಟ್ಟು ನೋಡಿ, ಬೆರಳನ್ನು ಮೂಸಿ, ಹಣೆ ಚಚ್ಚಿಕೊಂಡ. "ಅಣ್ಣಾ, ಇಪ್ಪತ್ತು ವರ್ಸದಲ್ಲಿ ರೇಡಿಯೇಟರ್ ಒಳಗೆ ಏನೇನೋ ನೋಡಿವ್ನಿ. ಮುದ್ದೆ ನೋಡಿರ್ನಿಲ್ಲ. ಅದ್ಕಂಡು ತಿನ್ನಾಕೆ ಉಪ್ಪೇಸರು ಎಲ್ಲಿ?"

ಪೈಪು ಹಿಡಿದು ತೊಳೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಆಮೇಲೆ ಫ್ಯಾನು, ಬೆಲ್ಟು ಬಿಚ್ಚಿ ಪಂಪ್ ಹೊರಗೆ ತೆಗೆದ. ಅದರ ನಡುವಿನ ಕಡ್ಡಿ ಅಲ್ಲಾಡುವ ಹಲ್ಲಿನ ಹಾಗೆ ಆಡುತ್ತಿತ್ತು.

"ಹೊಸಾದು ಊರಲ್ಲಿ ಸಿಕ್ಕಲ್ಲ. ಫಕ್ರುದ್ದೀನ್ ಸಾಬ್ರ ರೇಷ್ಮೆ ಶೆಡ್ ಹಿಂದೆ ಇದೇ ಜಾತಿ ಕಾರು ಒಂದು ನಿಂತೈತೆ. ಒಳಗೆ ಕೋಳಿ ಸಾಕವ್ರೆ. ಅದ್ರಲ್ಲಿ ಪಂಪ್ ಚೆನ್ನಾಗೈತೆ."

ಫಕ್ರುದ್ದೀನ್ ಸಾಬರು ಒಳ್ಳೆಯವರು. ಪುಕ್ಕಟೆಯಾಗಿಯೇ ತೆಗೆದುಕೊಳ್ಳಿ ಎಂದರು. ಒಂದೇ ಷರತ್ತು. "ಎಂಜಿನ್ ಮೇಲೆ ಕೋಳಿ ಕಾವಿಗೆ ಕೂತೈತೆ. ಅದು ಎದ್ದೋದ್ರೆ ನಮ್ಮ ಹೆಂಡ್ತಿ ಹಫೀಜಾ ನನ್ನ ಮನೇಲಿ ಇರಾಕೆ ಬಿಡಲ್ಲ."

ಹೀಗಾಗಿ ಸಮದ್ ಬೋಲ್ಟು ಬಿಚ್ಚುವಷ್ಟು ಹೊತ್ತೂ ಕೆಂಪಯ್ಯ ಆ ಕೋಳಿಯನ್ನು ಮೊಟ್ಟೆಗಳ ಸಮೇತ ಬುಟ್ಟಿಯಲ್ಲಿಟ್ಟುಕೊಂಡು, ಎದೆಗವಚಿ ನಿಂತ. ಕೋಳಿಗೆ ಅವನ ಮೇಲೆ ಸಿಟ್ಟೇನೂ ಬರಲಿಲ್ಲ. ಅವನ ಕೂದಲಲ್ಲಿ ಒಣಗಿದ್ದ ರಾಗಿಯನ್ನು ಒಂದೊಂದೇ ಹೆಕ್ಕಿ ತಿನ್ನುತ್ತ ಆರಾಮವಾಗಿ ಕೂತಿತು. ಪ್ರತಿ ಕುಕ್ಕಿಗೂ ಕೆಂಪಯ್ಯ, ಅಂಕಮ್ಮನ ಹರಕೆಗೋಸ್ಕರ, ಅಂಕಮ್ಮನ ಹರಕೆಗೋಸ್ಕರ ಎಂದುಕೊಂಡು ಹಲ್ಲು ಕಚ್ಚಿದ.

ಮೂರು ಗಂಟೆಗೆ ಪಂಪ್ ಕೂತಿತು. ಬೆಲ್ಟು ಬಿಗಿಯಾಯಿತು, ನೀರು ತುಂಬಿತು. ಸ್ಟಾರ್ಟ್ ಮಾಡಿದರೆ, ಅಬ್ಬಾ, ಕೀಚ್ ಇಲ್ಲ, ಹಬೆ ಇಲ್ಲ. ಕಾಲು ಗಂಟೆ ಓಡಿದರೂ ಮುಳ್ಳು ನಡುಮಧ್ಯದಲ್ಲೇ ನಿಂತಿತ್ತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ರಾಗಿ ಹಿಟ್ಟಿನ ಮಹಿಮೆ ಎಂದು ಮುನಿಶಾಮಯ್ಯ ಸಾರಿದರು. ಜಗಲಿಯ ಮೇಲೆ ಅಂಕಮ್ಮನ ಕಣ್ಣಿಂದ ನೀರು ಇಳಿಯಿತು. ಪಾಪ, ಎಷ್ಟೊಂದು ಸಂತೋಷ ಎಂದುಕೊಂಡ ಕೆಂಪಯ್ಯ.

ರಾಮನಗರ ದಾಟಿ ಮಾಗಡಿ ರಸ್ತೆಯ ಏರು ಹತ್ತಿದರೂ ಮುಳ್ಳು ಅಲ್ಲಾಡಲಿಲ್ಲ. ಅವನು ದಾರಿಯುದ್ದಕ್ಕೂ ಗುನುಗುತ್ತ ಬಂದ, ಅವಳು ಬುಟ್ಟಿ ತಬ್ಬಿಕೊಂಡು ಆ ಮುಳ್ಳನ್ನೇ ನೋಡುತ್ತಿದ್ದಳು. ಸಾವನದುರ್ಗ ಬೆಟ್ಟದ ಬುಡದಲ್ಲಿ ಕಾರು ನಿಂತಾಗ ಇನ್ನೂ ಬಿಸಿಲಿತ್ತು. ಪೂಜೆಗೂ ಮುಂಚೆ ಅಂಕಮ್ಮ ಒಬ್ಬ ಮುದುಕನನ್ನು ಕರೆತಂದಳು. ಅವನ ಕೈಯಲ್ಲಿ ಕತ್ತಿಯೂ ನೀರಿನ ಚೊಂಬೂ ಇದ್ದವು.

"ಕೂತ್ಕಳಿ," ಎಂದಳು.

"ಯಾರು?"

"ನೀವೇಯ. ಮುಡಿ ಕೊಡ್ಬೇಕು. ಅದೇ ನಾನು ಹೊತ್ತಿದ್ದ ಹರಕೆ."

ಕೆಂಪಯ್ಯನ ಎರಡೂ ಕೈ ತಲೆಯ ಮೇಲೆ ಹೋದವು. ಆದರೂ ಮನಸ್ಸು ಕರಗಿತ್ತು. ಹೋಗಲಿ, ಹೆಂಡತಿಯ ಪ್ರೀತಿಗಿಂತ ಕೂದಲು ಹೆಚ್ಚೇ? "ನನ್ ಕೆಲ್ಸ ಪರ್ಮನೆಂಟ್ ಆಗ್ಲಿ ಅಂತ ಹೊತ್ಕಂಡಿದ್ದಾ ಅಂಕಮ್ಮ?"

"ಅದುಕ್ಕೆಲ್ಲ ಸ್ವಾಮಿನ ಯಾಕೆ ಕೇಳ್ಲಿ? ನೀವು ಕೆಲ್ಸದಲ್ಲಿ ಗಟ್ಟಿಗ್ರು, ಆಗೇ ಆಯ್ತದೆ ಅಂತ ಗೊತ್ತಿತ್ತು."

"ಮತ್ತೆ?"

"ಮಾಗಡಿ ಮದ್ವೆ ದಿನ ಬೇಡ್ಕಂಡಿದ್ದೆ. ಸ್ವಾಮಿ, ಈ ಕಾರು ದಾರೀಲಿ ಕೈಕೊಟ್ಟಿದ್ದು ಸಾಕು, ಮನೆ ಮುಂದೆನೇ ಕೆಟ್ಟು ನಿಲ್ಲೋ ಹಂಗೆ ಮಾಡು, ನಮ್ಮೆಜಮಾನ್ರ ಮುಡಿ ಕೊಡುಸ್ತೀನಿ ಅಂತ."

"ಅಯ್ಯೋ, ಅದು ಓಡ್ತಾ ಐತಲ್ಲೇ! ಅದ್ರಲ್ಲೇ ಬಂದಿದ್ದೀವಲ್ಲೇ!"

"ಸ್ವಾಮಿ ನಿಲ್ಲುಸ್ದ. ಮತ್ತೆ ಓಡ್ಸಿದೋರು ನೀವು. ಅದ್ರಲ್ಲಿ ಸ್ವಾಮಿ ತಪ್ಪೇನೈತೆ?"

ಕೆಂಪಯ್ಯ ದಿಕ್ಕು ತೋಚದೆ ಮುದುಕನ ಮುಖ ನೋಡಿದ. ಮುದುಕ ಆಗಲೇ ಅವನ ತಲೆಗೆ ನೀರು ತಟ್ಟುತ್ತಿದ್ದ. "ಇದೇನ್ ಯಜಮಾನ್ರೆ, ರಾಗಿ ಹಿಟ್ಟಾ?" ಎಂದು ಕೇಳಿದ.

ಪೂಜೆ ಮುಗಿಸಿ ವಾಪಸ್ಸು ಹೊರಟಾಗ ಬೋಳು ತಲೆಗೆ ಗಾಳಿ ತಣ್ಣಗೆ ತಾಗುತ್ತಿತ್ತು. ಕನ್ನಡಿ ನೋಡುವ ಧೈರ್ಯವಾಗದೆ ಕೆಂಪಯ್ಯ ಮುಳ್ಳನ್ನೇ ನೋಡಿಕೊಂಡು ಗಾಡಿ ಓಡಿಸಿದ. ಮುಳ್ಳು ನಡುವಿನಲ್ಲೇ ಇತ್ತು, ಅಷ್ಟಾದರೂ ಸಮಾಧಾನ. ತಿರುವಿನಲ್ಲಿ ಬೆಟ್ಟ ಮರೆಯಾಗುವ ಮುಂಚೆ ಅಂಕಮ್ಮ ಹಿಂದಕ್ಕೆ ತಿರುಗಿ, ಕಣ್ಣು ಮುಚ್ಚಿ, ಕೈ ಮುಗಿದು ಏನೋ ಪಿಟಿಪಿಟಿ ಅಂದಳು.

"ಈಗೇನ್ ಬೇಡ್ಕಂಡೆ?" ಎಂದು ಕೆಂಪಯ್ಯ ಗಾಬರಿಯಿಂದ ಕೇಳಿದ.

"ತೀರ್ಸೋಗಂಟ ಹೇಳ್ಬಾರ್ದು," ಎಂದು ಅಂಕಮ್ಮ ಅವನ ಮುಖವನ್ನು ಒಮ್ಮೆ ಪ್ರೀತಿಯಿಂದ ನೋಡಿದಳು.

ಅಷ್ಟರಲ್ಲಿ ಬಾನೆಟ್ಟಿನೊಳಗಿಂದ ಕೀಚ್ ಎಂದಿತು. ಕೆಂಪಯ್ಯ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಉಳಿದಿದ್ದ ಮೀಸೆಯನ್ನು ಗಟ್ಟಿಯಾಗಿ ಮುಚ್ಚಿಕೊಂಡ.