ಹೊಸ ಲಾರಿಯ ಗುಣದೋಷ

ಸಾತನೂರಿನಲ್ಲಿ ನಮ್ಮದು ನಾಲ್ಕು ತಲೆಮಾರಿನಿಂದ ಮರ್ಯಾದೆಯ ಮನೆ. ಮಾವನವರ ತಂದೆಗೆ ಅರಮನೆಯಿಂದ ಶಾಲು ಬಂದಿತ್ತು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಇಂಥ ಮನೆಯಲ್ಲಿ ನಗೆಪಾಟಲಿನ ಸಂಗತಿಗಳು ನಡೆಯಬಾರದು. ಆದರೆ ಹಿಂಬದಿ ತೆರೆದ ದೊಡ್ಡ ಮೋಟಾರು ಲಾರಿಯೊಂದು ಪರೀಕ್ಷೆಗೆಂದು ಬಂದ ವಾರ ಅವು ನಡೆಯುತ್ತಲೇ ಹೋದವು. ಎತ್ತಿನ ಗಾಡಿಗಳು ಚನ್ನಪಟ್ಟಣದ ರೇಷ್ಮೆ ಕಾರ್ಖಾನೆ ಮುಟ್ಟುವಷ್ಟರಲ್ಲಿ ನಮ್ಮ ರೇಷ್ಮೆಗೂಡು ಕೊರೆದುಕೊಂಡು ಚಿಟ್ಟೆಗಳು ಹೊರಬರುತ್ತಿದ್ದವು. ಹೋದ ಬೆಳೆ ಹಾಗೇ ಹಾಳಾಗಿತ್ತು. ಲಾರಿಯನ್ನು ಕೊಳ್ಳುವುದೋ ವಾಪಸು ಕಳಿಸುವುದೋ ಎಂದು ತೀರ್ಮಾನಿಸುವ ಕೆಲಸವನ್ನು ಮಾವನವರು ನನಗೆ ಒಪ್ಪಿಸಿದರು.

ದಾರಿ

ನಮ್ಮ ಗಾಡಿಯಾಳೇ ಲಾರಿ ಓಡಿಸಲು ಕಲಿತು ಬಂದಿದ್ದ. ಎತ್ತಿನ ಗಾಡಿಯಲ್ಲಿ ಮಲಗಿಕೊಂಡೇ ಮನೆ ಸೇರುವ ರೂಢಿ ಅವನದು. ಮೊದಲ ದಿನ ಹಾಡುಹಗಲೇ ಲಾರಿಯಲ್ಲೂ ಹಾಗೇ ನಿದ್ದೆ ಹೋದ. ಲಾರಿ ಹುಲ್ಲಿನ ಬಣವೆಯೊಳಗೆ ನಿಂತಿತು. ತಲೆಯ ಮೇಲಿನ ಹುಲ್ಲನ್ನೂ ಕೊಡವದೆ ಬಂದು ಹೇಳಿದ: “ಬಲ ಐತೆ ಅಮ್ಮಾವ್ರೆ. ಮನೆ ದಾರಿ ಮಾತ್ರ ಇನ್ನೂ ಗೊತ್ತಾಗಿಲ್ಲ. ಹೊಸದಲ್ವಾ, ಒಸಿ ದಿನ ಓಡಾಡ್ಲಿ.”

ಮೇವು

“ಕೆಲಸ ಇಲ್ಲದ ದಿನ ಇದು ಏನೂ ತಿನ್ನೋದಿಲ್ಲ ಅತ್ತೆ,” ಎಂದೆ. ಅತ್ತೆ ಲಾರಿಯ ಹಿಂದಕ್ಕೆ ಹೋಗಿ ನೆಲ ನೋಡಿ ಬಂದರು. “ಹಂಗಾದ್ರೆ ಸಗಣಿನೂ ಹಾಕಲ್ಲ. ಅಂಗಳ ಸಾರ್ಸೋದು ಯಾತರಲ್ಲಮ್ಮ?” ನ್ಯಾಯವಾದ ಆಕ್ಷೇಪ. ದೋಷಗಳ ಲೆಕ್ಕಕ್ಕೆ ಸೇರಿಸಿದೆ.

ಆಸನ

ಕಡೆಯ ದಿನ ಗೂಡು ತುಂಬಿಸಿ ಚನ್ನಪಟ್ಟಣಕ್ಕೆ ಹೊರಟೆವು. ಆಳಿನ ಪಕ್ಕ ಕೂರುವುದು ನನ್ನ ಅಂತಸ್ತಿಗೆ ಸಲ್ಲದು. ಆದ್ದರಿಂದ ಹಿಂಬದಿಯಲ್ಲಿ, ಗೂಡಿನ ಬುಟ್ಟಿಗಳ ನಡುವೆ, ಮನೆಯ ದೊಡ್ಡ ಕುರ್ಚಿಯನ್ನು ಕಟ್ಟಿಸಿ, ಕೆಂಪು ಜರಿ ಸೀರೆಯುಟ್ಟು, ಕೊಡೆ ಹಿಡಿದು ಕೂತೆ. ಅಲುಗಾಡಲಿಲ್ಲ.

ಕಬ್ಬಾಳು ದಾರಿಯ ಹಳ್ಳಿಯೊಂದರಲ್ಲಿ ಜನ ಅಡ್ಡಗಟ್ಟಿದರು. ಮುದುಕಿಯೊಬ್ಬಳು ಚಕ್ರದ ಮುಂದೆ ಅಡ್ಡಬಿದ್ದಳು.

“ಕಬ್ಬಾಳಮ್ಮ ಮೋಟ್ರಲ್ಲಿ ಬಂದವ್ಳೆ ಕಣ್ಲಾ, ಕಾಯಿ ತತ್ತಾ.”

ಲಾರಿ ಬಿಡು ಎಂದೆ. “ಅಮ್ಮ ಅಪ್ಪಣೆ ಕೊಡೋಗಂಟ ಬುಡಕಿಲ್ವಂತೆ ಅಮ್ಮಾವ್ರೆ,” ಎಂದ ಆಳು.

ಬಿಸಿಲೇರುತ್ತಿತ್ತು. ಒಂದು ಬುಟ್ಟಿಯಲ್ಲಿ ಆಗಲೇ ಚಿಟ್ಟೆ ಮಿಸುಕಿತು. ಅಷ್ಟರಲ್ಲಿ ಊರ ಪಟೇಲರು, ಮಾಂಸ ಮುಟ್ಟದ ಶಿವಭಕ್ತರ ಮನೆಯ ಸೊಸೆಯಾದ ನನ್ನ ಮಡಿಲಿಗೆ ಜೀವಂತ ಹುಂಜವೊಂದನ್ನು ಇಟ್ಟರು. ನಾನು ಕೈಯೆತ್ತಿ, ಕಾನ್ವೆಂಟಿನಲ್ಲಿ ಊಟಕ್ಕೆ ಮೊದಲು ಹೇಳುತ್ತಿದ್ದ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಪೂರ್ತಿ ಹೇಳಿದೆ. ದಾರಿ ಬಿಟ್ಟರು.

“ಅಮ್ಮ ಇಂಗ್ಲಿಷ್ ಕಲ್ತವ್ಳೆ,” ಎಂದ ಹಿಂದಿನಿಂದ ಒಬ್ಬ. “ಇನ್ನು ಅಮಲ್ದಾರ್ರ ಕಚೇರಿ ಕೆಲಸ ಸಲೀಸು ಕಣ್ಲಾ.”

ಗೂಡು ಉಳಿಯಿತು. ಲಾರಿಯನ್ನು ಕೊಂಡೆವು. ಹುಂಜ ಈಗಲೂ ಅದರಲ್ಲೇ ಮಲಗುತ್ತದೆ. ಆ ಪಟೇಲರು ನನ್ನ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡವರು. ನನ್ನ ಮುಖ ಗೊತ್ತಿದ್ದೂ ಹುಂಜ ಇಟ್ಟರು. ಅವರು ನಮ್ಮ ಮನೆಗೆ ಬಂದು ಕ್ಷಮೆ ಕೇಳಬೇಕು.